ಕಳುವಾಯಿತೋ, ಕಳೆದುಹೋಯಿತೋ?

ಬಸ್ಸಿನಲ್ಲಿ ಜೇಬುಗಳ್ಳನಿಗೆ ಮೊಬೈಲ್ ಕೊಟ್ಟುಕೊಂಡವನು ಠಾಣೆಗೆ ಹೋಗುತ್ತಾನೆ. ಅಲ್ಲಿ ಸಿಗುವ ಸಲಹೆ ಒಂದೇ: ‘ಕಳುವಾಯಿತು ಅಂತ ಬೇಡ, ಕಳೆದುಹೋಯಿತು ಅಂತ ಬರೆದುಕೊಡಿ.’ ಒಂದು ಪದ ಬದಲಾದರೆ ಅಪರಾಧವೇ ಮಾಯ. ವರ್ಷದ ಕೊನೆಯಲ್ಲಿ ಆ ಠಾಣೆಯ ಅಂಕಿ ಇಳಿದಿರುತ್ತದೆ, ಅಧಿಕಾರಿಗೆ ಶಹಬ್ಬಾಸ್ ಸಿಗುತ್ತದೆ.

ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಆದರೂ ಊರು ಬಿಟ್ಟು ಬಂದವರಿಗೆ, ಅಲ್ಲಿನ ಭಾಷೆ ಅರೆಬರೆ ಬರುವವರಿಗೆ, ಶಿಫಾರಸು ಮಾಡಿಸಲು ಪರಿಚಿತರಿಲ್ಲದವರಿಗೆ ಠಾಣೆಯ ಮೇಜು ದಾಟುವುದು ಕಷ್ಟ.

ಇದಕ್ಕೆ ಸರ್ಕಾರಗಳ ಬಳಿ ಇರುವ ಮದ್ದು ಗೊತ್ತಿರುವುದೇ: ಹೊಸ ಹೆಸರಿನ ಪಡೆ, ಹೊಸ ಬಣ್ಣದ ವಾಹನ, ಇನ್ನಷ್ಟು ಕ್ಯಾಮೆರಾ. ಉದ್ಘಾಟನೆಯ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಎರಡು ವರ್ಷದ ನಂತರ ಅದರಿಂದ ಏನಾಯಿತು ಎಂಬ ಲೆಕ್ಕ ಬರುವುದಿಲ್ಲ. ಎಲ್ಲರಿಂದ ಪುರಾವೆ ಕೇಳುವ ಇಲಾಖೆ ತನ್ನ ಕೆಲಸಕ್ಕೆ ಪುರಾವೆ ಕೊಡುವುದಿಲ್ಲ.

ಹಾಗೆಂದು ಪುರಾವೆ ಇಲ್ಲದೇ ಇಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಸಂಗಡಿಗರು ರಾಜಸ್ಥಾನ ಪೊಲೀಸರ ಜತೆಗೂಡಿ 162 ಠಾಣೆಗಳಲ್ಲಿ ಸುಧಾರಣೆಗಳನ್ನು ಪರೀಕ್ಷೆಗೆ ಒಡ್ಡಿದರು. ತಂಡದಲ್ಲಿ ಅದೇ ರಾಜ್ಯದ ಐಪಿಎಸ್ ಅಧಿಕಾರಿ ನೀನಾ ಸಿಂಗ್ ಇದ್ದರು. ಪದೇ ಪದೇ ನಡೆಯುವ ವರ್ಗಾವಣೆ ನಿಲ್ಲಿಸಿದ್ದು ಮತ್ತು ಸಿಬ್ಬಂದಿಗೆ ತರಬೇತಿ ಕೊಟ್ಟಿದ್ದು ಫಲ ಕೊಟ್ಟವು. ದೂರುದಾರರ ವೇಷದಲ್ಲಿ ಜನರನ್ನು ಕಳಿಸಿ ಠಾಣೆ ಹೇಗೆ ನಡೆದುಕೊಳ್ಳುತ್ತದೆಂದು ನೋಡುವ ಕ್ರಮವೂ ಕೆಲಸ ಮಾಡಿತು. ಎದುರು ಕೂತವನು ಪರೀಕ್ಷಕನೂ ಇರಬಹುದು ಎಂಬ ಅಳುಕು ಹುಟ್ಟಿದರೆ ಪೆನ್ನು ತಾನಾಗಿ ಚುರುಕಾಗುತ್ತದೆ. ವಾರದ ರಜೆ, ಠಾಣೆಯಲ್ಲಿ ನಾಗರಿಕ ವೀಕ್ಷಕರು ಮುಂತಾದವು ಮಾತ್ರ ಸ್ಪಷ್ಟ ಫಲ ಕೊಡಲಿಲ್ಲ. ಅವು ಸ್ಥಳೀಯರ ಮತ್ತು ಠಾಣೆಯವರ ನಿರಂತರ ಸಹಕಾರವನ್ನೇ ನಂಬಿಕೊಂಡಿದ್ದವು.

ಮಧ್ಯಪ್ರದೇಶದ 180 ಠಾಣೆಗಳಲ್ಲಿ ನಡೆದ ಇನ್ನೊಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಮಹಿಳೆಯರಿಗಾಗಿ ಸಹಾಯ ಕೇಂದ್ರ ತೆರೆದ ಠಾಣೆಗಳಲ್ಲಿ ಅವರ ದೂರುಗಳ ದಾಖಲಾತಿ ಹೆಚ್ಚಿತು. ಎಫ್‌ಐಆರ್‌ಗಳ ಏರಿಕೆ ಮುಖ್ಯವಾಗಿ ಕಂಡದ್ದು ಮಹಿಳಾ ಅಧಿಕಾರಿಗಳಿಗೆ ಹೊಣೆ ಕೊಟ್ಟಲ್ಲಿ. ಅಂಕಿ ಏರಿದ್ದೇ ಇಲ್ಲಿ ಯಶಸ್ಸು. ‘ಅಪರಾಧ ಹೆಚ್ಚಾಯಿತು’ ಎಂದು ಬೊಬ್ಬೆ ಹಾಕುವವರು ಇದನ್ನು ಮೊದಲು ಅರಿಯಬೇಕು.

‘ಠಾಣೆ ಪ್ರಯೋಗಾಲಯವಲ್ಲ, ಅನುಭವವೇ ಗುರು’ ಎಂಬ ವಾದ ಹಳೆಯದು. ಅನುಭವ ಬೇಕು, ಆದರೆ ಅದೂ ಎಡವುತ್ತದೆ. ಜನರ ಜತೆ ಪೊಲೀಸರು ಬೆರೆತರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಆರು ದೇಶಗಳಲ್ಲಿ ಪರೀಕ್ಷಿಸಿದಾಗ, ಜನರ ವಿಶ್ವಾಸವೂ ಹೆಚ್ಚಲಿಲ್ಲ, ಅಪರಾಧವೂ ಇಳಿಯಲಿಲ್ಲ. ಆ ಫಲಿತಾಂಶ ಹೊರಬಿದ್ದದ್ದು 2021ರಲ್ಲಿ. ಕೇಳಲು ಹಿತವಾದದ್ದೆಲ್ಲ ಮದ್ದಲ್ಲ.

ಹಾಗಾದರೆ ಫಲಿಸಿದ್ದನ್ನಾದರೂ ಜಾರಿಗೆ ತರಬಹುದಲ್ಲ? ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಜಾಗದಲ್ಲಿ ಅವಕಾಶವಿರಬೇಕು ಎಂದು ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪು ಹೇಳಿದ್ದು 2006ರಲ್ಲಿ. ನ್ಯಾಯಾಲಯ ಹೇಳಿದ್ದೂ ಪ್ರಯೋಗ ತೋರಿಸಿದ್ದೂ ಒಂದೇ ದಿಕ್ಕಿಗೆ. ಅಡ್ಡ ಬರುವುದು ಜ್ಞಾನದ ಕೊರತೆಯಲ್ಲ. ವರ್ಗಾವಣೆ ಕೈತಪ್ಪಿದರೆ ಅಧಿಕಾರಿಯ ಜುಟ್ಟು ರಾಜಕಾರಣಿಯ ಕೈಯಿಂದ ತಪ್ಪುತ್ತದೆ.

ಕೇಳಬೇಕಾದದ್ದು ಮೂರೇ. ಯಾವ ಹೊಸ ಯೋಜನೆಯನ್ನೂ ರಾಜ್ಯವಿಡೀ ಹರಡುವ ಮೊದಲು ಚೀಟಿ ಎತ್ತಿ ಆರಿಸಿದ ಕೆಲವು ಠಾಣೆಗಳಲ್ಲಿ ಪರೀಕ್ಷಿಸಲಿ. ಗೆದ್ದರೂ ಸೋತರೂ ಫಲಿತಾಂಶ ಸಾರ್ವಜನಿಕವಾಗಲಿ. ವೇಷದ ದೂರುದಾರರು ಪ್ರತಿ ಠಾಣೆಗೂ ಆಗಾಗ ಹೋಗಿಬರಲಿ. ಇದಕ್ಕೆ ಒಪ್ಪದ ಗೃಹಮಂತ್ರಿ ‘ಅಪರಾಧ ಇಳಿದಿದೆ’ ಎಂದಾಗ ಜನ ಕೇಳಬೇಕಾದ ಪ್ರಶ್ನೆ ಒಂದೇ: ಇಳಿಯಿತೋ, ಬರೆದುಕೊಳ್ಳಲಿಲ್ಲವೋ?