ಬೆಳೆದ ಮಕ್ಕಳೊಡನೆ ಜಲಯಾನ: ಚಿಕ್ಕ ನೌಕೆಯನ್ನು ಆರಿಸುವ ಬಗೆ

ಕೃಷ್ಣೆಯ ದಡದಲ್ಲಿ ಬಾಳುವ ನಮಗೆ ನೀರು ಅಪರಿಚಿತವಾದುದಲ್ಲ. ಯಡೂರು, ಕಲ್ಲೋಳ, ಜುಗೂಳ, ಕುಡಚಿಗಳ ಹಿರಿಯರು ಸೇತುವೆಗಳಿಲ್ಲದ ಕಾಲದಲ್ಲಿ ದೋಣಿಯನ್ನೇ ನಂಬಿ ಹೊಳೆ ದಾಟಿದವರು. ಇಂದಿಗೂ ಮಳೆಗಾಲ ಬಲವಾದರೆ ಕಲ್ಲೋಳ-ಯಡೂರು ಸೇತುವೆ ಮುಳುಗುತ್ತದೆ; ದೂಧಗಂಗಾ, ವೇದಗಂಗಾ ತೀರದ ಹಳ್ಳಿಗಳು ಸುತ್ತು ದಾರಿ ಹಿಡಿಯುತ್ತವೆ. ೨೦೦೫ರ ಮತ್ತು ೨೦೧೯ರ ಮಹಾಪೂರಗಳಲ್ಲಿ ಎಷ್ಟೋ ಮನೆಗಳವರು ಮಕ್ಕಳು ಮರಿಗಳೊಡನೆ ದೋಣಿ ಏರಿ ಪ್ರಾಣ ಉಳಿಸಿಕೊಂಡರು. ಹೀಗೆ ನೌಕೆಯೆಂಬುದು ನಮ್ಮ ಪಾಲಿಗೆ ಅನಿವಾರ್ಯವಾಗಿತ್ತು, ಇಲ್ಲವೆ ಆಪತ್ಕಾಲದ ಆಸರೆಯಾಗಿತ್ತು. ಸಂತೋಷಕ್ಕಾಗಿ ನೌಕೆಯನ್ನೇರಿ ಎರಡು ಮೂರು ದಿನ ನೀರಿನ ಮೇಲೆಯೇ ವಾಸಿಸುವುದು ನಮ್ಮ ಸೀಮೆಯ ಗೃಹಸ್ಥರಿಗೆ ಹೊಸ ಸಂಗತಿ.

ಆದರೆ ಈಗ ನಿಪ್ಪಾಣಿ, ಅಥಣಿ, ಚಿಕ್ಕೋಡಿಗಳ ಕುಟುಂಬಗಳಲ್ಲಿ ಈ ವಿಚಾರ ಕೇಳಿಬರುತ್ತಿದೆ. ಮನೆಯಲ್ಲಿ ಹದಿನಾರು, ಹದಿನೆಂಟು ವಯಸ್ಸಿನ ಮಕ್ಕಳಿದ್ದಾರೆ. ಇನ್ನೊಂದೆರಡು ವರ್ಷಗಳಲ್ಲಿ ಅವರು ಧಾರವಾಡಕ್ಕೋ ಬೆಂಗಳೂರಿಗೋ ಪುಣೆಗೋ ಹೊರಟುಹೋಗುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಇರುವ ದಿನಗಳು ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ ಸೀಮಿತವಾಗುತ್ತವೆ. ಅದಕ್ಕೆ ಮೊದಲು ಒಮ್ಮೆ ಎಲ್ಲರೂ ಕೂಡಿ ಎಲ್ಲಿಗಾದರೂ ಹೋಗಿಬರಬೇಕೆಂಬ ತಂದೆತಾಯಿಗಳ ಆಸೆ ಸಹಜವಾದುದು. ನಮ್ಮ ಪ್ರಾಚೀನ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರ ವರ್ಣನೆಯೂ ಒಂದು. ಅದನ್ನು ತರಗತಿಯಲ್ಲಿ ಓದಿದ ಮಕ್ಕಳು ಒಮ್ಮೆ ಕಣ್ಣಾರೆ ಕಂಡು ಬಂದರೆ ಆ ಓದೂ ಸಾರ್ಥಕವಾದೀತು.

ಮೊದಲು ಕೇಳಬೇಕಾದ ಪ್ರಶ್ನೆ, ದೊಡ್ಡ ಹಡಗೋ ಚಿಕ್ಕ ನೌಕೆಯೋ ಎಂಬುದು. ಮುಂಬಯಿಯಿಂದ ೨೦೨೧ರಲ್ಲಿ ಸಂಚಾರ ಆರಂಭಿಸಿದ ಕಾರ್ಡೇಲಿಯಾದಂಥ ಹಡಗಿನಲ್ಲಿ ಸುಮಾರು ೧,೮೦೦ ಪ್ರಯಾಣಿಕರಿಗೆ ಸ್ಥಳವಿದೆ. ಅದು ನೀರಿನ ಮೇಲಿನ ಒಂದು ಪಟ್ಟಣವೇ ಸರಿ. ಅಂಗಡಿ, ನಾಟ್ಯಶಾಲೆ, ಈಜುಕೊಳ, ಮದ್ಯಶಾಲೆ, ಜೂಜಿನ ಕೋಣೆ ಎಲ್ಲವೂ ಅಲ್ಲಿ ಉಂಟು. ಅಲ್ಲಿ ಮಕ್ಕಳು ಒಂದು ಕಡೆ, ಹಿರಿಯರು ಒಂದು ಕಡೆ ಚದುರುವುದು ಸುಲಭ. ಊಟದ ಹೊತ್ತಿಗೆ ಮಾತ್ರ ಮುಖ ನೋಡಿಕೊಂಡಾರು. ಕೂಡಿ ಇರುವುದಕ್ಕಾಗಿ ಹೊರಟವರಿಗೆ ಇದು ತಕ್ಕುದಲ್ಲ. ಚಿಕ್ಕ ನೌಕೆಯಲ್ಲಿ ನೋಡತಕ್ಕದ್ದು ಹೊರಗಿನ ನೀರು, ದಡ, ಜನಜೀವನ. ಜೊತೆಯಲ್ಲಿರುವವರೂ ಕೆಲವರೇ. ಆದ್ದರಿಂದ ಮಾತುಕತೆಗೆ ಎಡೆಯುಂಟು.

ಚಿಕ್ಕ ನೌಕೆಯೆಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ೨೦೨೩ರ ಜನವರಿ ೧೩ರಂದು ವಾರಾಣಸಿಯಿಂದ ಹೊರಟ ಗಂಗಾ ವಿಲಾಸ ನೌಕೆ ಕೇವಲ ೩೬ ಪ್ರಯಾಣಿಕರದು. ಅದು ೫೧ ದಿನಗಳಲ್ಲಿ, ೨೭ ನದಿಗಳ ಮಾರ್ಗವಾಗಿ, ಸುಮಾರು ೩,೨೦೦ ಕಿಲೋಮೀಟರು ಕ್ರಮಿಸಿ ಅಸ್ಸಾಮಿನ ದಿಬ್ರುಗಡವನ್ನು ಮುಟ್ಟುವ ಯಾನ. ಕಾಶಿಯ ಹೆಸರು ಕೇಳಿ ಅಜ್ಜ ಅಜ್ಜಿಯರ ಮನಸ್ಸು ಅತ್ತ ಒಲಿಯುವುದುಂಟು. ಆದರೆ ಅದರ ವೆಚ್ಚ ಲಕ್ಷಗಟ್ಟಲೆಯದು. ಪರೀಕ್ಷೆಗೆ ಓದುವ ಮಕ್ಕಳಿಗೆ ಐವತ್ತು ದಿನಗಳ ಬಿಡುವೂ ಇರುವುದಿಲ್ಲ. ಅದನ್ನು ಬಲ್ಲವರಿಗೆ, ಉಳ್ಳವರಿಗೆ ಬಿಡೋಣ.

ಎರಡನೆಯದು ಲಕ್ಷದ್ವೀಪ. ಕೊಚ್ಚಿಯಿಂದ ೨೨೦ರಿಂದ ೪೪೦ ಕಿಲೋಮೀಟರು ದೂರದಲ್ಲಿ ೩೬ ದ್ವೀಪಗಳು. ಅವುಗಳಲ್ಲಿ ಜನವಸತಿಯಿರುವವು ಹತ್ತು. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ತಿರುಗಾಡಿ, ರಾತ್ರಿ ಹಡಗಿನಲ್ಲಿಯೇ ತಂಗುವ ‘ಸಮುದ್ರಂ’ ಎಂಬ ಐದು ದಿನಗಳ ಪ್ರವಾಸಕ್ರಮವನ್ನು ಅಲ್ಲಿಯ ಸರಕಾರಿ ಸಂಸ್ಥೆ ರೂಢಿಗೆ ತಂದಿತು. ಮಿನಿಕಾಯ್‌ನಲ್ಲಿ ೧೮೮೫ರಲ್ಲಿ ಕಟ್ಟಿದ ದೀಪಸ್ತಂಭವಿದೆ. ತಿಳಿನೀರಿನ ಕೆಳಗೆ ಹವಳದ ದಿಬ್ಬಗಳನ್ನೂ ಬಣ್ಣದ ಮೀನುಗಳನ್ನೂ ನೋಡುವುದು ಹದಿನೆಂಟರ ಹುಡುಗ ಹುಡುಗಿಯರಿಗೆ ಜೀವಮಾನದ ನೆನಪಾದೀತು. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಅಲ್ಲಿಗೆ ಹೋಗಲು ಮುಂಚಿತವಾಗಿ ಅನುಮತಿಪತ್ರ ಪಡೆಯಬೇಕು. ಹಡಗಿನ ದಿನಗಳನ್ನೂ ಸ್ಥಳದ ಲಭ್ಯತೆಯನ್ನೂ ಅದೇ ಸಂಸ್ಥೆಯಿಂದ ಆಯಾ ವರ್ಷ ಕೇಳಿಯೇ ಖಚಿತಪಡಿಸಿಕೊಳ್ಳಬೇಕು. ಇನ್ನೊಂದು, ಬಹುತೇಕ ದ್ವೀಪಗಳಲ್ಲಿ ಹಡಗು ದಡಕ್ಕೆ ಬರುವುದಿಲ್ಲ. ತೆರೆಗಳ ನಡುವೆ ಹಡಗಿನಿಂದ ಚಿಕ್ಕ ದೋಣಿಗೆ ಇಳಿಯಬೇಕಾಗುತ್ತದೆ. ಮೊಣಕಾಲು ನೋವಿರುವ ಅಜ್ಜಿಯರಿಗೆ ಇದು ಕಷ್ಟ.

ಮೂರನೆಯದು ಕೇರಳದ ಆಲಪ್ಪುಳದ ಹಿನ್ನೀರು. ಮೊದಲ ಜಲಯಾನಕ್ಕೆ ನಾನು ಸೂಚಿಸುವುದು ಇದನ್ನೇ. ಅಲ್ಲಿಯ ಮನೆದೋಣಿಗಳು ಮೂಲದಲ್ಲಿ ಬತ್ತ, ಅಕ್ಕಿ ಸಾಗಿಸುತ್ತಿದ್ದ ಕೆಟ್ಟುವಳ್ಳಗಳು. ಮರದ ಹಲಗೆಗಳನ್ನು ಮೊಳೆ ಬಳಸದೆ ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟುವ ವಿದ್ಯೆ ಅದು. ಹೆಸರಿನಲ್ಲಿರುವ ‘ಕೆಟ್ಟು’ ಎಂಬುದರ ಅರ್ಥವೇ ಕಟ್ಟು. ರಸ್ತೆಗಳೂ ಲಾರಿಗಳೂ ಬಂದು ಈ ದೋಣಿಗಳಿಗೆ ಕೆಲಸ ತಪ್ಪಿದಾಗ, ಅವುಗಳ ಮೇಲೆ ಮಲಗುವ ಕೋಣೆ, ಅಡುಗೆಮನೆ, ಶೌಚಾಲಯ ಕಟ್ಟಿ ಪ್ರವಾಸಿಗಳಿಗೆ ಒದಗಿಸಲಾರಂಭಿಸಿದರು. ಒಂದು ಕುಟುಂಬಕ್ಕೆ ಒಂದೇ ದೋಣಿ ದೊರೆಯುತ್ತದೆ. ಎರಡು ಮೂರು ಕೋಣೆಗಳ ದೋಣಿ ಹಿಡಿದರೆ ಬೆಳೆದ ಮಗನಿಗೂ ಮಗಳಿಗೂ ಬೇರೆ ಬೇರೆ ಸ್ಥಳವಾಗುತ್ತದೆ. ಈ ವಯಸ್ಸಿನವರಿಗೆ ತಮ್ಮದೆಂಬ ಒಂದು ಬಾಗಿಲು ಬೇಕು. ಅದನ್ನು ಉದ್ಧಟತನವೆಂದು ಎಣಿಸಬಾರದು.

ಆ ದೋಣಿ ಸಾಗುವ ಕುಟ್ಟನಾಡು ರೈತಕುಟುಂಬಗಳಿಗೆ ಪಾಠಶಾಲೆಯೇ ಆಗಿದೆ. ಅಲ್ಲಿಯ ಜನ ಸಮುದ್ರಮಟ್ಟಕ್ಕಿಂತ ಎರಡು ಮೀಟರಿನವರೆಗೂ ತಗ್ಗಿನಲ್ಲಿರುವ ಭೂಮಿಯಲ್ಲಿ ಬತ್ತ ಬೆಳೆಯುತ್ತಾರೆ. ಸುತ್ತ ಒಡ್ಡು ಕಟ್ಟಿ, ಒಳಗಿನ ನೀರನ್ನು ಯಂತ್ರದಿಂದ ಹೊರಕ್ಕೆತ್ತಿ, ಆಮೇಲೆ ಬಿತ್ತುತ್ತಾರೆ. ನೀವು ದೋಣಿಯಲ್ಲಿ ಕುಳಿತು ನೋಡಿದರೆ ಗದ್ದೆ ನಿಮ್ಮ ಕೆಳಗೆ ಕಾಣುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ೨೦೧೩ರಲ್ಲಿ ಈ ಬೇಸಾಯವನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮನ್ನಿಸಿತು. ಉಪ್ಪುನೀರು ಒಳನುಗ್ಗದಂತೆ ತಡೆಯಲು ೧೯೭೬ರಿಂದ ತಣ್ಣೀರ್‌ಮುಕ್ಕಂ ಬಾಂದಾರದ ಬಾಗಿಲುಗಳನ್ನು ಬೇಸಗೆಯಲ್ಲಿ ಮುಚ್ಚುತ್ತಾರೆ. ಇದರಿಂದ ರೈತನಿಗೆ ಲಾಭ. ಆದರೆ ಮೀನು ಕಡಿಮೆಯಾಯಿತೆಂದು ಬೆಸ್ತರ ದೂರು. ಅತಿ ನೀರುಣಿಸಿ ಸವಳು-ಜವಳಾದ ಕಬ್ಬಿನ ಹೊಲಗಳನ್ನು ಅಥಣಿ, ರಾಯಬಾಗ, ಕಾಗವಾಡಗಳಲ್ಲಿ ದಿನವೂ ನೋಡುವ ನಮ್ಮ ಮಕ್ಕಳಿಗೆ, ಉಪ್ಪಿನೊಡನೆ ಇನ್ನೊಂದು ನಾಡು ಹೇಗೆ ಹೋರಾಡುತ್ತಿದೆಯೆಂಬುದು ಕೂಡಲೇ ಅರ್ಥವಾಗುತ್ತದೆ.

ಮನೆದೋಣಿ ನಡುಹಗಲಿಗೆ ಹೊರಟು ಸಂಜೆ ಐದೂವರೆಯ ಸುಮಾರಿಗೆ ದಡಕ್ಕೆ ಕಟ್ಟಿ ನಿಲ್ಲುತ್ತದೆ. ಆ ಹೊತ್ತಿನಿಂದ ನೀರು ಬೆಸ್ತರ ಬಲೆಗಳಿಗೆ ಮೀಸಲು. ಇದನ್ನರಿಯದೆ ರಾತ್ರಿಯೆಲ್ಲ ತೇಲುವೆವೆಂದು ಭಾವಿಸಿ ಜಗಳವಾಡುವವರಿದ್ದಾರೆ. ಒಂದು ರಾತ್ರಿ ಸಾಕು; ಎರಡನೆಯ ದಿನ ಸರಕಾರಿ ದೋಣಿಯಲ್ಲಿ ಊರ ಜನರೊಡನೆ ಅಲ್ಪ ದರಕ್ಕೆ ಸಂಚರಿಸಿರಿ. ೨೦೧೭ರ ಜನವರಿಯಲ್ಲಿ ವೈಕ್ಕಂ-ತವಣಕ್ಕಡವು ನಡುವೆ ಆರಂಭವಾದ ‘ಆದಿತ್ಯ’ ೭೫ ಆಸನಗಳ ಸೌರಶಕ್ತಿಯ ದೋಣಿ. ವಿಜ್ಞಾನ ಓದುವ ಮಕ್ಕಳು ನೋಡತಕ್ಕದ್ದು. ವೈಕ್ಕಂ ಎಂದರೆ, ದೇವಾಲಯದ ಸುತ್ತಣ ಬೀದಿಯಲ್ಲಿ ಎಲ್ಲ ಜಾತಿಯವರೂ ನಡೆಯಲೆಂದು ೧೯೨೪-೨೫ರಲ್ಲಿ ಸತ್ಯಾಗ್ರಹ ನಡೆದ ಊರು. ಸಮಾನತೆಯ ಮಾತು ಕೇಳಿ ಬೆಳೆದ ಮನೆಗಳ ಮಕ್ಕಳಿಗೆ ಅದನ್ನು ಅಲ್ಲಿಯೇ ನಿಲ್ಲಿಸಿ ಹೇಳಬೇಕು.

ಇನ್ನು ಸುರಕ್ಷತೆಯ ಮಾತು. ಇದನ್ನು ಹೇಳದೆ ಉಳಿದದ್ದನ್ನು ಹೇಳಿ ಪ್ರಯೋಜನವಿಲ್ಲ. ೨೦೦೯ರ ಸೆಪ್ಟೆಂಬರ್ ೩೦ರಂದು ತೇಕ್ಕಡಿಯಲ್ಲಿ ಪ್ರವಾಸಿ ದೋಣಿ ಮಗುಚಿ ೪೫ ಜನ ಮಡಿದರು. ೨೦೧೯ರ ಜನವರಿ ೨೧ರಂದು ನಮ್ಮ ಕಾರವಾರದಲ್ಲಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ೧೬ ಜನ ತೀರಿಕೊಂಡರು. ೨೦೨೩ರ ಮೇ ೭ರಂದು ತಾನೂರಿನಲ್ಲಿ ೨೨ ಜನ; ಅವರಲ್ಲಿ ಬಹುಪಾಲು ಮಕ್ಕಳು. ಇವು ಬಿರುಗಾಳಿಯ ನಡುಗಡಲಿನಲ್ಲಿ ನಡೆದವಲ್ಲ. ದಡ ಕಾಣುವಷ್ಟು ಸಮೀಪದಲ್ಲಿ ನಡೆದವು. ಮಿತಿಮೀರಿ ಜನರನ್ನು ತುಂಬುವುದು, ಎಲ್ಲರೂ ಒಂದೇ ಪಕ್ಕಕ್ಕೆ ಸರಿಯುವುದು, ರಕ್ಷಣಾ ಅಂಗಿ ತೊಡದಿರುವುದು ಇಂಥ ದುರಂತಗಳಲ್ಲಿ ಮತ್ತೆ ಮತ್ತೆ ಕಾಣುವ ಕಾರಣಗಳು. ೨೦೨೧ರ ಒಳನಾಡು ನೌಕೆಗಳ ಕಾಯ್ದೆಯ ಪ್ರಕಾರ ನೌಕೆಗೆ ನೋಂದಣಿ, ತಪಾಸಣೆಯ ಪ್ರಮಾಣಪತ್ರ, ವಿಮೆ ಇರಬೇಕು. ಹಣ ಕೊಡುವ ಮೊದಲು ಇವುಗಳನ್ನು ಕೇಳಿ ನೋಡಿರಿ. ಎಷ್ಟು ಜನರಿಗೆ ಅನುಮತಿಯಿದೆಯೆಂದು ಓದಿರಿ. ಪ್ರತಿಯೊಬ್ಬರಿಗೂ ರಕ್ಷಣಾ ಅಂಗಿ ಇದೆಯೇ ಎಂದು ಎಣಿಸಿರಿ. ಕತ್ತಲಾದ ಮೇಲೆ ಹೊರಡುವ ದೋಣಿಯನ್ನು ಏರಬೇಡಿರಿ. ಇಷ್ಟು ಕೇಳಿದ್ದಕ್ಕೆ ಮುಖ ಸಿಂಡರಿಸುವ ಅಂಬಿಗನಿದ್ದರೆ ಅವನ ದೋಣಿ ನಮಗೆ ಬೇಡ. ದಾಟಿಸುವುದೊಂದು ಕಾಯಕ, ಅದರಲ್ಲಿ ಪರರ ಪ್ರಾಣದ ಹೊಣೆ ಇದೆ.

ಆಯ್ಕೆಯ ಈ ಕೆಲಸವನ್ನು ಮಕ್ಕಳಿಗೇ ವಹಿಸಿರೆಂಬುದು ನನ್ನ ಮುಖ್ಯ ಸೂಚನೆ. ಇಷ್ಟು ಹಣ, ಇಷ್ಟು ದಿನ, ಅಜ್ಜಿಗೆ ಮೆಟ್ಟಿಲು ಏರಲಾಗದು, ಮನೆಯವರೆಲ್ಲ ಸಸ್ಯಾಹಾರಿಗಳು ಎಂದು ಮಿತಿಗಳನ್ನು ಹೇಳಿಬಿಡಿರಿ. ಮಗನೂ ಮಗಳೂ ಕೂಡಿ ಮೂರು ದೋಣಿಗಳವರನ್ನು ವಿಚಾರಿಸಿ, ಪ್ರಮಾಣಪತ್ರ ತರಿಸಿ, ಕಾರಣಸಹಿತ ಒಂದನ್ನು ಹೇಳಲಿ. ಹಿರಿಯರು ಆರಿಸಿದ ಪ್ರವಾಸದಲ್ಲಿ ಈ ವಯಸ್ಸಿನವರು ಮೊಬೈಲು ಹಿಡಿದು ಮೂಲೆಗೆ ಸೇರುತ್ತಾರೆ. ತಾವೇ ಆರಿಸಿದುದರಲ್ಲಿ ಆತಿಥೇಯರಾಗುತ್ತಾರೆ. ನಾಳೆ ಪರವೂರಿನಲ್ಲಿ ಬಾಡಿಗೆ ಕೋಣೆ ಹಿಡಿಯುವಾಗಲೂ ಈ ಅಭ್ಯಾಸ ಒದಗುತ್ತದೆ.

ಊಟದ ವಿಷಯದಲ್ಲಿ ಸಂಕೋಚ ಬೇಡ. ಮನೆದೋಣಿಯಲ್ಲಿ ಅಡುಗೆಯವನು ನಮ್ಮೊಬ್ಬರಿಗಾಗಿಯೇ ಬೇಯಿಸುವುದರಿಂದ ಮೀನು ಮಾಂಸ ತಾರದಂತೆ ಮೊದಲೇ ಹೇಳಬಹುದು. ದೊಡ್ಡ ಹಡಗಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ಖಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಜೊತೆಗಿದ್ದರೆ ಹಿರಿಯರಿಗೆ ನೆಮ್ಮದಿ. ಬೆಳಗಿನ ಲಿಂಗಪೂಜೆಗೆ ದೋಣಿ ಕಟ್ಟಿ ನಿಂತ ಹೊತ್ತು ಪ್ರಶಸ್ತವಾದುದು.

ಕಾಲ ನೋಡಿಯೇ ಹೊರಡಬೇಕು. ಕಬ್ಬು ನುರಿಸುವ ದಿನಗಳಲ್ಲಿ ರೈತನಿಗೆ ಬಿಡುವಿಲ್ಲ. ಮಾರ್ಚಿಯಲ್ಲಿ ಮಕ್ಕಳಿಗೆ ಪರೀಕ್ಷೆ. ಜೂನ್ ಆರಂಭಕ್ಕೆ ಕೇರಳದಲ್ಲಿ ಮಳೆಗಾಲ. ಆದ್ದರಿಂದ ಪರೀಕ್ಷೆ ಮುಗಿದ ಮೇಲೆ ಮೇ ತಿಂಗಳ ನಡುವಿನೊಳಗೆ ಹೋಗಿಬರುವುದು ಲೇಸು. ಸೆಕೆ ಇರುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಮಳೆಯೂ ಬಂದೀತು. ಅಷ್ಟು ದೂರಕ್ಕೆ ಅನುಕೂಲವಿಲ್ಲದವರು ನಿಪ್ಪಾಣಿಯಿಂದ ಅಂಬೋಲಿ ಘಟ್ಟವಿಳಿದು ಮಾಲವಣಕ್ಕೆ ಹೋಗಿ, ೧೬೬೪ರಲ್ಲಿ ಶಿವಾಜಿ ಮಹಾರಾಜರು ಕಟ್ಟಿಸಲಾರಂಭಿಸಿದ ಸಿಂಧುದುರ್ಗಕ್ಕೆ ದೋಣಿಯಲ್ಲಿ ದಾಟಿಬರಬಹುದು. ಸಮುದ್ರದ ರುಚಿ ಅಷ್ಟರಿಂದಲೂ ತಿಳಿಯುತ್ತದೆ.

ಕೊನೆಯದಾಗಿ, ಹೊರಡುವ ಮೊದಲು ಮಕ್ಕಳಿಗೆ ಈಜು ಕಲಿಸಿರಿ. ಹಿಂದೆ ನಮ್ಮ ಸೀಮೆಯ ಹುಡುಗರು ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದರು. ಹೆಣ್ಣುಮಕ್ಕಳು ಬಾವಿಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ಆದರೆ ಪ್ರತಿವರ್ಷ ಹೊಳೆಯ ನೀರು ಮನೆಬಾಗಿಲಿಗೆ ಬರುವಾಗ ಅದು ಗಂಡು ಹೆಣ್ಣೆಂದು ಭೇದವೆಣಿಸುವುದಿಲ್ಲ. ನುರಿತವರ ಬಳಿ ಒಂದೆರಡು ತಿಂಗಳು ಮಗಳಿಗೂ ಮಗನಿಗೂ ಅಭ್ಯಾಸ ಮಾಡಿಸಿದರೆ, ಪ್ರವಾಸವು ಮೂರು ದಿನಗಳಲ್ಲಿ ಮುಗಿದರೂ ಈ ವಿದ್ಯೆ ಅವರೊಡನೆ ಉಳಿಯುತ್ತದೆ. ಈ ಬೇಸಗೆಯಲ್ಲಿ ಹೊರಡಲಿರುವ ಕುಟುಂಬಗಳು ಮೊದಲು ಈ ಕೆಲಸವನ್ನು ಮಾಡಲಿ. ದೋಣಿಯನ್ನು ಆಮೇಲೆ ಗೊತ್ತುಪಡಿಸಲಿ.