ಹಿಮವನ್ನು ನಂಬಿದ ಸಂಸ್ಥಾನ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಭೂಪಟವನ್ನು ಬಿಡಿಸಿದವರಿಗೆ ಕೊಲೊರಾಡೊ ಸಂಸ್ಥಾನವು ಸರಳರೇಖೆಗಳಿಂದ ಕೂಡಿದ ಆಯತಾಕಾರದ ಒಂದು ತುಂಡಿನಂತೆ ತೋರುತ್ತದೆ. 1861ರಲ್ಲಿ ಈ ಪ್ರಾಂತದ ಮೇರೆಗಳನ್ನು ಗೊತ್ತುಮಾಡಿದ ಕಾಂಗ್ರೆಸ್ಸು ಹೊಳೆಯನ್ನಾಗಲಿ ಬೆಟ್ಟವನ್ನಾಗಲಿ ಗಣನೆಗೆ ತಾರದೆ, 37ನೆಯ ಅಕ್ಷಾಂಶದಿಂದ 41ನೆಯ ಅಕ್ಷಾಂಶದವರೆಗೆ ಗೆರೆ ಎಳೆದು ಕೈತೊಳೆದುಕೊಂಡಿತು. ಆದರೆ ಆ ನಾಡಿನ ಬೇಸಾಯವನ್ನೂ ಜನವಸತಿಯನ್ನೂ ಕಡೆಗೆ ಅದರ ಶಾಸನವನ್ನೂ ರೂಪಿಸಿದುದು ಆ ಗೆರೆಗಳಲ್ಲ. ನಡುವೆ ಉತ್ತರ ದಕ್ಷಿಣವಾಗಿ ನಿಂತಿರುವ ರಾಕಿ ಪರ್ವತಗಳು.

ಪೂರ್ವಕ್ಕೆ ಹುಲ್ಲುಗಾವಲಿನ ಮಹಾಬಯಲು, ಪಶ್ಚಿಮಕ್ಕೆ ನದಿಗಳು ಆಳವಾಗಿ ಕೊರೆದ ಪ್ರಸ್ಥಭೂಮಿ, ಎರಡರ ನಡುವೆ 14,000 ಅಡಿಗಳನ್ನು ಮೀರಿದ ಐವತ್ತಕ್ಕೂ ಹೆಚ್ಚು ಶಿಖರಗಳು: ಇದು ಆ ನಾಡಿನ ಸ್ವರೂಪ. ಶಿಖರಗಳಲ್ಲೆಲ್ಲ ಉನ್ನತವಾದ ಎಲ್ಬರ್ಟ್ 14,440 ಅಡಿ; ಸಂಸ್ಥಾನದ ಅತ್ಯಂತ ತಗ್ಗಾದ ನೆಲವೂ 3,300 ಅಡಿಗಳಿಗೆ ಕಡಮೆಯಿಲ್ಲ; ರಾಜಧಾನಿಯಾದ ಡೆನ್ವರ್ ಸಮುದ್ರಮಟ್ಟದಿಂದ ಸರಿಯಾಗಿ ಒಂದು ಮೈಲಿಯ ಎತ್ತರದಲ್ಲಿದೆ. ಪೆಸಿಫಿಕ್ ಸಾಗರದ ಕಡೆಯಿಂದ ಬರುವ ಮಾರುತಗಳು ಈ ಗಿರಿಗಳನ್ನೇರುವಾಗ ತಣಿದು ತಮ್ಮ ತೇವವನ್ನು ಪಶ್ಚಿಮದ ಇಳಿಜಾರಿನಲ್ಲಿ ಹಿಮವಾಗಿ ಸುರಿಸುವುದರಿಂದ, ಪೂರ್ವದ ಬಯಲು ಮಳೆನೆರಳಿಗೆ ಸಿಕ್ಕಿ ಒಣಗುತ್ತದೆ. ಡೆನ್ವರಿಗೆ ವರ್ಷವೆಲ್ಲಾ ಬೀಳುವುದು ಸುಮಾರು 15 ಅಂಗುಲ. ಬೆಟ್ಟಗಳ ನಡುವಣ ಸಾನ್ ಲೂಯಿಸ್ ಕಣಿವೆಯ ತಳಕ್ಕೆ ಅದರ ಅರ್ಧದಷ್ಟು. ಚಳಿಗಾಲದಲ್ಲಿ ಬೆಟ್ಟವನ್ನು ದಾಟಿ ಧುಮುಕುವ ಗಾಳಿ ಇಳಿಯುತ್ತ ಇಳಿಯುತ್ತ ಒತ್ತಡದಿಂದ ಬಿಸಿಯೇರಿ, ಕೆಲವೇ ಗಂಟೆಗಳಲ್ಲಿ ಬಯಲಿನ ಹಿಮವನ್ನು ಕರಗಿಸಿಬಿಡುವುದುಂಟು. ಅದಕ್ಕೆ ಅಲ್ಲಿಯವರು ಚಿನೂಕ್ ಎನ್ನುತ್ತಾರೆ. ಬೆಟ್ಟದ ಹಿಮವಾದರೋ ವಸಂತದವರೆಗೆ ಕಾದಿದ್ದು, ಮೇ ಜೂನ್ ತಿಂಗಳುಗಳಲ್ಲಿ ಕರಗಿ ಹೊಳೆಗಳನ್ನು ತುಂಬುತ್ತದೆ. ಆ ನಾಡಿನ ಬೊಕ್ಕಸವೆಂದರೆ ಅದೇ.

ಖಂಡದ ಜಲವಿಭಾಜಕ ರೇಖೆಯು ಈ ಗಿರಿಗಳ ನೆತ್ತಿಯ ಮೇಲೆಯೇ ಹಾಯುತ್ತದೆ. ಅದರ ಪೂರ್ವಕ್ಕೆ ಕರಗಿದ ನೀರು ಹೆಚ್ಚಾಗಿ ಸೌತ್ ಪ್ಲಾಟ್, ಅರ್ಕನ್ಸಾ ನದಿಗಳ ಮೂಲಕ ಮಿಸಿಸಿಪಿಯತ್ತ ಹರಿದರೆ, ಪಶ್ಚಿಮದ್ದು ಕೊಲೊರಾಡೊ ನದಿಯಾಗಿ ಕ್ಯಾಲಿಫೋರ್ನಿಯಾ ಕೊಲ್ಲಿಯ ದಿಕ್ಕು ಹಿಡಿಯುತ್ತದೆ. ನೀರಿನ ಬಹುಭಾಗ ಪಶ್ಚಿಮದಲ್ಲಿ, ಜನರ ಬಹುಭಾಗ ಪೂರ್ವದಲ್ಲಿ! ಈ ವೈಷಮ್ಯವನ್ನು ನೀಗಲೆಂದೇ ಪರ್ವತದ ಬುಡದಲ್ಲಿ 13 ಮೈಲಿಗಳ ಆಡಮ್ಸ್ ಸುರಂಗವನ್ನು ಕೊರೆದು, 1947ರಲ್ಲಿ ಪಶ್ಚಿಮದ ನೀರನ್ನು ಪೂರ್ವದ ಹೊಲಗಳಿಗೆ ತಂದರು.

ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವದ ವರ್ಷವಾದ 1876ರಲ್ಲಿ ಕೊಲೊರಾಡೊ ಒಕ್ಕೂಟದ 38ನೆಯ ಸಂಸ್ಥಾನವಾಯಿತು. ನಾಲ್ಕು ವರ್ಷಗಳ ಅವಧಿಯ ರಾಜ್ಯಪಾಲ, 35 ಮಂದಿಯ ಸೆನೆಟ್, 65 ಮಂದಿಯ ಪ್ರತಿನಿಧಿಸಭೆ, 64 ಕೌಂಟಿಗಳು: ಆಡಳಿತದ ಈ ಚೌಕಟ್ಟು ಬಹುಪಾಲು ಇತರ ಸಂಸ್ಥಾನಗಳ ಚೌಕಟ್ಟಿನಂತೆಯೇ ಇದೆ. 1893ರಲ್ಲಿ ಪುರುಷ ಮತದಾರರೇ ಮತ ನೀಡಿ ಸ್ತ್ರೀಯರಿಗೆ ಮತಾಧಿಕಾರವನ್ನು ಒಪ್ಪಿಸಿದುದು ಅದರ ಕೀರ್ತಿಗೆ ಸಲ್ಲತಕ್ಕ ಸಂಗತಿ. ಆದರೆ ಈ ನೆಲದ ಗುರುತು ಹೆಚ್ಚು ಆಳವಾಗಿ ಬಿದ್ದಿರುವುದು ಅದರ ಜಲನ್ಯಾಯದಲ್ಲಿ. ಮಳೆ ಧಾರಾಳವಾದ ಇಂಗ್ಲೆಂಡಿನ ಸಂಪ್ರದಾಯದಲ್ಲಿ ಹೊಳೆಯ ನೀರು ದಂಡೆಯ ಒಡೆಯನಿಗೆ. ಹೊಲಗಳು ಹೊಳೆಯಿಂದ ದೂರವಿರುವ ಒಣನಾಡಿನಲ್ಲಿ ಆ ನ್ಯಾಯ ನಡೆಯದು. ಆದಕಾರಣ ಸಂಸ್ಥಾನದ ಸಂವಿಧಾನವು ಅದುವರೆಗೆ ಯಾರ ಬಳಕೆಗೂ ಸೇರದಿದ್ದ ಹೊಳೆನೀರನ್ನೆಲ್ಲ ಸಾರ್ವಜನಿಕ ಸ್ವತ್ತೆಂದು ಸಾರಿತು. 1882ರಲ್ಲಿ ಅಲ್ಲಿನ ಶ್ರೇಷ್ಠ ನ್ಯಾಯಾಲಯವು, ಮೊದಲು ಬಳಸಿದವನಿಗೆ ಮೊದಲ ಹಕ್ಕೆಂಬ ತತ್ತ್ವವನ್ನು ದೃಢಪಡಿಸಿತು. ನೀರಿನ ತಕರಾರುಗಳಿಗಾಗಿಯೇ 1969ರಲ್ಲಿ ಸ್ಥಾಪಿತವಾದ ಏಳು ವಿಭಾಗಗಳ ಎಲ್ಲೆಗಳು ನದಿಗಳ ಜಲಾನಯನವನ್ನು ಅನುಸರಿಸಿವೆ. ಪಶ್ಚಿಮದ ಒಣನಾಡನ್ನು ನದಿಗಳ ಜಲಾನಯನಗಳಿಗನುಸಾರವಾಗಿ ವಿಭಾಗಿಸಬೇಕೆಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ವಾದಿಸಿದ ಭೂವಿಜ್ಞಾನಿ ಜಾನ್ ವೆಸ್ಲಿ ಪವೆಲ್ಲನ ಮಾತು ತಡವಾಗಿಯಾದರೂ ಅಷ್ಟರಮಟ್ಟಿಗೆ ಫಲಿಸಿತು.

ಹೊಳೆಗಳು ಎಲ್ಲೆ ದಾಟುವುದರಿಂದ ನೆರೆಯವರೊಡನೆ ವ್ಯಾಜ್ಯವೂ ಬಂದಿತು. ಅರ್ಕನ್ಸಾ ನದಿಯ ವಿಷಯವಾಗಿ ಕ್ಯಾನ್ಸಸ್ ಸಂಸ್ಥಾನವು ಹೂಡಿದ ದಾವೆಯಲ್ಲಿ 1907ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ನಿರೂಪಿಸಿದ ನ್ಯಾಯೋಚಿತ ಹಂಚಿಕೆಯ ತತ್ತ್ವವು, ಮುಂದೆ ನಮ್ಮ ಕೃಷ್ಣಾ ಕಾವೇರಿ ವಿವಾದಗಳಲ್ಲಿಯೂ ಚರ್ಚೆಗೆ ಬಂದಿತೆಂಬುದನ್ನು ಕನ್ನಡಿಗರು ನೆನೆಯಬೇಕು. 1922ರ ಒಡಂಬಡಿಕೆಯಂತೆ ಏಳು ಸಂಸ್ಥಾನಗಳು ಕೊಲೊರಾಡೊ ನದಿಯ ನೀರನ್ನು ಮೇಲಣ ಮತ್ತು ಕೆಳಗಣ ಭಾಗಗಳಿಗೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿಗಳಂತೆ ಹಂಚಿದುವು. ಆದರೆ ಆ ಲೆಕ್ಕಕ್ಕೆ ಆಧಾರವಾದುದು ಹೆಚ್ಚು ನೀರು ಹರಿದ ವರ್ಷಗಳ ಅಳತೆ. ಇಂದು ಹಿಮವು ಬೇಗ ಕರಗುತ್ತಿರಲು, ನದಿಯಲ್ಲಿ ಅಷ್ಟು ನೀರಿಲ್ಲ. ಕಾಯಿದೆಯು ನೀರನ್ನು ಹಂಚಬಲ್ಲುದು, ಹುಟ್ಟಿಸಲಾರದು. ಆದುದರಿಂದ ನದಿಯ ಪಾಲುಗಳನ್ನು ಗೊತ್ತುಮಾಡಲು ಕುಳಿತವರು, ಅಲ್ಲಿಯವರಾಗಲಿ ಇಲ್ಲಿಯವರಾಗಲಿ, ತಮ್ಮ ಹಕ್ಕುಗಳ ಪಟ್ಟಿಗಿಂತ ಮೊದಲು ಪರ್ವತದ ಹಿಮವನ್ನೂ ಮಳೆಯನ್ನೂ ಪ್ರಾಮಾಣಿಕವಾಗಿ ಅಳೆಯಲಿ.