ಮುಟ್ಟು ನಿಂತ ಮೇಲೆ ನಡಿಗೆ ನಿಲ್ಲದಿರಲಿ

“ಬೆಳಗಿನಿಂದ ರಾತ್ರಿಯವರೆಗೆ ಮೈಮುರಿದು ದುಡಿಯುತ್ತೇವೆ, ಇನ್ನು ಬೇರೆ ವಾಕಿಂಗ್ ಯಾಕೆ?” ನಲವತ್ತೈದು ದಾಟಿದ ಸಹೋದರಿಯರು ಹೀಗೆ ಕೇಳುವುದು ಸಹಜ. ಚಾಮರಾಜನಗರದ ಬಳಿಯ ಬದನಗುಪ್ಪೆಯಂತಹ ಊರಿನಲ್ಲಿ ಹೆಂಗಸಿಗೆ ಬಿಡುವೆಂಬುದು ಎಲ್ಲಿದೆ? ಆದರೆ ದಣಿವು ಬೇರೆ, ವ್ಯಾಯಾಮ ಬೇರೆ. ಒಲೆಯ ಮುಂದೆ ನಿಲ್ಲುವಾಗ, ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವಾಗ ಸೊಂಟ, ಮಂಡಿ ಸೋಲುತ್ತವೆಯೇ ಹೊರತು ಎದೆಬಡಿತ ಒಂದೇ ಸಮನೆ ಅರ್ಧ ಗಂಟೆ ಏರಿ ನಿಲ್ಲುವುದಿಲ್ಲ.

ಸತತ 12 ತಿಂಗಳು ಮುಟ್ಟಾಗದಿದ್ದರೆ ಅದು ಋತುಬಂಧ. ನಮ್ಮ ದೇಶದ ಮಹಿಳೆಯರಿಗೆ ಇದು ಸಾಮಾನ್ಯವಾಗಿ 46-47ರ ಆಸುಪಾಸಿನಲ್ಲಿ ಬರುತ್ತದೆ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಿಕೊಂಡವರಿಗಾದರೋ ವಯಸ್ಸು ಎಷ್ಟೇ ಇರಲಿ, ಅಂದೇ ಬಂದಂತೆ. ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾದೊಡನೆ ಮೂಳೆ ಬೇಗ ಬೇಗ ಸವೆಯುತ್ತದೆ, ಹೃದಯಕ್ಕಿದ್ದ ರಕ್ಷಣೆಯೂ ತಗ್ಗುತ್ತದೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಅಜ್ಜಿಯರನ್ನು ನೀವೂ ಕಂಡಿರುತ್ತೀರಿ.

ಅಮೆರಿಕದ ದಾದಿಯರ ಮೇಲೆ ನಡೆದ ಒಂದು ದೀರ್ಘ ಅಧ್ಯಯನದ ವರದಿ 2002ರಲ್ಲಿ ಪ್ರಕಟವಾಯಿತು. ಅವರೆಲ್ಲ ಮುಟ್ಟು ನಿಂತ ಮಹಿಳೆಯರು, 61 ಸಾವಿರಕ್ಕೂ ಹೆಚ್ಚು ಮಂದಿ. ಬೇರೆ ವ್ಯಾಯಾಮವಿಲ್ಲದೆ ವಾರಕ್ಕೆ 4 ಗಂಟೆಯಾದರೂ ನಡೆಯುತ್ತಿದ್ದವರಲ್ಲಿ ಸೊಂಟದ ಮೂಳೆ ಮುರಿತದ ಅಪಾಯ, ಒಂದು ಗಂಟೆಯೂ ನಡೆಯದವರಿಗಿಂತ ಶೇ. 41ರಷ್ಟು ಕಡಿಮೆಯಿತ್ತು. ಹಾಗೆಂದು ನಡಿಗೆ ಎಲ್ಲಕ್ಕೂ ಮದ್ದಲ್ಲ. ಬೆನ್ನುಮೂಳೆಗೆ ಅದರಿಂದ ಹೆಚ್ಚಿನ ಬಲ ಸಿಗದು. ಮೈ ಬಿಸಿಯೇರಿ ಬೆವರುವುದು ನಿಂತೇ ಹೋಗುತ್ತದೆಂದೂ ಹೇಳಲಾಗದು. ಕಾಲಿನ ಸ್ನಾಯು ಗಟ್ಟಿಯಾಗುವುದು, ಬೀಳದಂತೆ ಸಮತೋಲ ಉಳಿಯುವುದು, ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಗೆ ಬರುವುದು, ನಿದ್ದೆ ಹತ್ತುವುದು ಇವೇನು ಸಣ್ಣ ಲಾಭವೇ? ವಾರಕ್ಕೆರಡು ದಿನ ಕೈ ಊರದೆ ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂರುವುದನ್ನೂ ಸೇರಿಸಿಕೊಳ್ಳಿ.

ಮೊದಲ ವಾರ ಹತ್ತು ನಿಮಿಷ ಸಾಕು. ಮೆಲ್ಲನೆ ಏರಿಸುತ್ತಾ ವಾರದ ಐದು ದಿನ ಅರ್ಧ ಗಂಟೆಗೆ ತನ್ನಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಸವೆದ ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿಯಿರುವುದು ಒಳ್ಳೆಯದು. ಕೈಗಾರಿಕಾ ಪ್ರದೇಶಕ್ಕೆ ಲಾರಿಗಳು ಓಡಾಡುವ ಹೆದ್ದಾರಿಯ ಅಂಚು ನಡಿಗೆಗೆ ತಕ್ಕ ಜಾಗವಲ್ಲ. ಊರೊಳಗಿನ ಬೀದಿ, ಶಾಲೆಯ ಮೈದಾನ, ಹೊಲದ ಗಾಡಿದಾರಿಯೇ ಲೇಸು. “ಈ ವಯಸ್ಸಲ್ಲಿ ಇವಳೆಲ್ಲಿಗೆ ಹೊರಟಳು?” ಎನ್ನುವವರು ಇದ್ದೇ ಇರುತ್ತಾರೆ. ನಾದಿನಿಯನ್ನೋ ಪಕ್ಕದ ಮನೆಯವರನ್ನೋ ಜೊತೆಗೆ ಕರೆದುಕೊಳ್ಳಿ, ನಾಲ್ಕು ದಿನದಲ್ಲಿ ಕೇಳುವವರೇ ಸುಮ್ಮನಾಗುತ್ತಾರೆ.

ಇನ್ನೊಂದು ಮಾತು. ಫಜ್ರ್ ನಮಾಝಿನ ಬಳಿಕ ನಡೆಯುವುದು ತಂಪು, ಆದರೆ ಆ ಎಳೆಬಿಸಿಲಿನಿಂದ ವಿಟಮಿನ್ ಡಿ ಹೆಚ್ಚೇನೂ ದೊರೆಯದು. ಹೊರಗೆ ಬುರ್ಖಾ ತೊಡುವವರು ಹತ್ತು ಗಂಟೆಯ ಮೇಲೆ ಹಿತ್ತಲಲ್ಲೋ ಮಹಡಿಯ ಮೇಲೋ ಕೈಕಾಲುಗಳಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಿಸಬೇಕು. ಕೊರತೆಯಿದ್ದರೆ ಮಾತ್ರೆ ವೈದ್ಯರನ್ನು ಕೇಳಿಯೇ ಆಗಲಿ. ಮೂಳೆಗೆ ಬೇಕಾದ ಸುಣ್ಣದಂಶ ನಮ್ಮ ರಾಗಿ ಹಿಟ್ಟಿನಲ್ಲೇ ಇದೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಈ ವಯಸ್ಸಿನವರಿಗೆ ದಿನಕ್ಕೆ ಬೇಕಾದುದು 1200. ಹಾಗಾಗಿ ಹಾಲು, ಮೊಸರು, ಸೊಪ್ಪು ಬಿಡಬೇಡಿ.

ಸಕ್ಕರೆ ಕಾಯಿಲೆಯವರು ನಡೆದು ಬಂದೊಡನೆ ಅಂಗಾಲು ನೋಡಿಕೊಳ್ಳಿ. ನಡೆಯುವಾಗ ಎದೆ ಬಿಗಿದರೆ ಅಲ್ಲೇ ನಿಂತು ಆಸ್ಪತ್ರೆಗೆ ಹೊರಡಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ನಾಚಿಕೊಂಡು ಮುಚ್ಚಿಡದೆ ಅದೇ ವಾರ ವೈದ್ಯರಿಗೆ ತೋರಿಸಿ.